ಆಕಳು ಬರುವ ಮುಂಚೆ ಬಣವೆ

ಪಾಪಿನಾಯಕನಹಳ್ಳಿಯ ದಕ್ಷಿಣಕ್ಕೆ ಸಂಡೂರಿನ ಗುಡ್ಡಸಾಲು, ಅದಿರು ಹೊತ್ತ ಲಾರಿಗಳು, ಕೆಂಪು ದೂಳು. ಉತ್ತರಕ್ಕೆ ಕಮಲಾಪುರ, ಕಂಪ್ಲಿ ಕಡೆ ಸರಿದರೆ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆದ ಬಾಳೆ, ಕಬ್ಬು, ನೆಲ್ಲು. ನಡುವೆ ಹೊಸಪೇಟೆ–ಬಳ್ಳಾರಿ ಹೆದ್ದಾರಿ, ರೈಲು ಹಳಿ, ಮಳೆ ಮತ್ತು ಬೋರ್‌ವೆಲ್ ನಂಬಿದ ಜೋಳ, ಮೆಕ್ಕೆಜೋಳ, ಸಜ್ಜೆಯ ಹೊಲಗಳು. ಇಂಥ ಊರಿನಲ್ಲಿ ಎರಡು ಮೂರು ಎಕರೆಯ ಕುಟುಂಬವೊಂದು ಮನೆಗೆ ಹಾಲಿನ ಆಕಳು ತರಬೇಕೆಂದರೆ ಎರಡೂ ದಿಕ್ಕಿನ ಲೆಕ್ಕ ಹಾಕಲೇಬೇಕು. ಅಗ್ಗದ ಮೇವು ಉತ್ತರದಿಂದ ಬರುತ್ತದೆ, ದೂಳು ದಕ್ಷಿಣದಿಂದ.

ಸಾಮಾನ್ಯವಾಗಿ ಆಗುವುದು ಹೀಗೆ: ಹಾಲು ಕೊಂಡು ಕೊಂಡು ಬೇಸತ್ತ ಮನೆಯವರು ಒಂದು ದಿನ ಮನಸ್ಸು ಮಾಡಿ, ಪರಿಚಯದವರ ಮಾತು ಕೇಳಿ, ಕೈಯಲ್ಲಿದ್ದ ರೊಕ್ಕ ಕೊಟ್ಟು ಆಕಳು ಹೊಡೆದುಕೊಂಡು ಬರುತ್ತಾರೆ. ಗೂಟಕ್ಕೆ ಕಟ್ಟಿದ ಮೇಲೆ ಮೇವು ಹುಡುಕಲು ಶುರು. ಮಾರುವಾಗ ಎಂಟು ಲೀಟರ್ ಕೊಡುತ್ತಿದ್ದ ಆಕಳು ತಿಂಗಳೊಳಗೆ ನಾಲ್ಕಕ್ಕೆ ಇಳಿದಾಗ ಮಾರಿದವನ ಮೇಲೆ ಸಿಟ್ಟು ಬರುತ್ತದೆ. ಎಷ್ಟೋ ಸಲ ತಪ್ಪು ಆಕಳದ್ದೂ ಅಲ್ಲ, ಮಾರಿದವನದ್ದೂ ಅಲ್ಲ. ಆಕಳು ಬರುವ ಎರಡು ಮೂರು ತಿಂಗಳ ಮುಂಚೆ ಆಗಬೇಕಿದ್ದ ಕೆಲಸ ಆಗಿರುವುದಿಲ್ಲ, ಅಷ್ಟೆ.

ಮೊದಲು ಹೊಟ್ಟೆಯ ಲೆಕ್ಕ. 350ರಿಂದ 400 ಕಿಲೋ ತೂಗುವ, ದಿನಕ್ಕೆ ಎಂಟು ಲೀಟರ್ ಕರೆಯುವ ಮಿಶ್ರತಳಿ ಆಕಳಿಗೆ ದಿನಕ್ಕೆ ಸುಮಾರು 20 ಕಿಲೋ ಹಸಿ ಮೇವು, 5 ಕಿಲೋ ಒಣ ಮೇವು, 4 ಕಿಲೋ ಹಿಂಡಿ–ಬೂಸಾ ಅಥವಾ ಪಶು ಆಹಾರ ಬೇಕು. ದಾಣಿಯ ಲೆಕ್ಕ ಸರಳ: ಆಕಳ ಮೈಗೆಂದು 1 ಕಿಲೋ, ಆಮೇಲೆ ಪ್ರತಿ ಎರಡೂವರೆ ಮೂರು ಲೀಟರ್ ಹಾಲಿಗೆ ಇನ್ನೊಂದು ಕಿಲೋ. ಇದರ ಮೇಲೆ ಖನಿಜ ಮಿಶ್ರಣ 30ರಿಂದ 50 ಗ್ರಾಂ ಮತ್ತು ಒಂದಿಷ್ಟು ಉಪ್ಪು. ವರ್ಷಕ್ಕೆ ಕೂಡಿಸಿದರೆ ಹಸಿ ಮೇವು ಏಳು ಟನ್ ದಾಟುತ್ತದೆ, ಒಣ ಮೇವು ಎರಡು ಟನ್ ಹತ್ತಿರ ಬರುತ್ತದೆ. ಈ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಆಕಳ ದರ ಕೇಳುವ ಮುಂಚೆ ಇದು ಗೊತ್ತಿರಬೇಕು.

ಹಸಿ ಮೇವಿಗೆ ಹತ್ತು ಗುಂಟೆ ನೆಲ ಸಾಕು. ಕೋ–4, ಕೋ–5 ತರಹದ ಹೈಬ್ರಿಡ್ ನೇಪಿಯರ್ ಹುಲ್ಲಿನ ಕಾಂಡದ ತುಂಡುಗಳನ್ನು ಮೂರಡಿ–ಎರಡಡಿ ಅಂತರದಲ್ಲಿ ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ನೀರು, ಗೊಬ್ಬರ ಸರಿಯಾಗಿದ್ದರೆ ಎಕರೆಗೆ ವರ್ಷಕ್ಕೆ 100 ಟನ್‌ಗೂ ಮೇಲೆ ಬರುವ ಹುಲ್ಲಿದು. ಈ ಕಡೆಯ ಬಿಸಿಲಿಗೆ ಅದರ ಅರ್ಧವೇ ಬಂತೆಂದು ಹಿಡಿದರೂ ಹತ್ತು ಗುಂಟೆಯಲ್ಲಿ ಹನ್ನೆರಡು ಟನ್ ಆಯಿತು. ಆಕಳು, ಕರು ಎರಡಕ್ಕೂ ಮಿಗುತ್ತದೆ. ನೆಟ್ಟ ದಿನದಿಂದ ಎರಡೂವರೆ ತಿಂಗಳು ಎಣಿಸಿ ಆಕಳು ತರುವ ದಿನ ಗೊತ್ತು ಮಾಡಿಕೊಳ್ಳುವುದು ಜಾಣತನ. ಬದುವಿನ ಮೇಲೆ ಅಗಸೆ, ನುಗ್ಗೆ, ಸುಬಾಬುಲ್ ಸಾಲು ಇದ್ದರೆ ಹಿಂಡಿಯ ಖರ್ಚು ಅಷ್ಟು ಕಡಿಮೆ. ಸುಬಾಬುಲ್ ಮಾತ್ರ ಮಿತಿಯಲ್ಲಿರಲಿ. ಅದರಲ್ಲಿರುವ ಮಿಮೊಸಿನ್ ಹೆಚ್ಚಾದರೆ ಕೂದಲು ಉದುರುತ್ತದೆ.

ಒಣ ಮೇವಿಗೆ ಇಲ್ಲಿಯ ಅತ್ಯುತ್ತಮ ವಸ್ತು ಜೋಳದ ಸೊಪ್ಪೆ. ಶೇಂಗಾ ಹೊಟ್ಟು ಸಿಕ್ಕರೆ ಇನ್ನೂ ಮೇಲು, ಅದರಲ್ಲಿ ಪ್ರೋಟೀನು ಹೆಚ್ಚು, ಬೂಷ್ಟು ಹಿಡಿದಿರಬಾರದು. ಕಂಪ್ಲಿ ಕಡೆಯಿಂದ ಟ್ರ್ಯಾಕ್ಟರ್ ಲೆಕ್ಕದಲ್ಲಿ ಬರುವ ನೆಲ್ಲು ಹುಲ್ಲು ಅಗ್ಗ, ಆದರೆ ಸತ್ವ ಕಡಿಮೆ. ಅದನ್ನೇ ನಂಬುವ ಮನೆಯವರು ಯೂರಿಯಾ ಉಪಚಾರ ಕಲಿಯಬೇಕು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಿಂದ ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡುವುದು. ತೆಗೆದ ಮೇಲೆ ಸ್ವಲ್ಪ ಹೊತ್ತು ಹರಡಿ ಘಾಟು ಹೋದ ಬಳಿಕ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಕರಗದ ಯೂರಿಯಾ ಬಾಯಿಗೆ ಹೋದರೆ, ಯೂರಿಯಾ ನೀರಿನ ಬಕೆಟ್ಟಿಗೆ ಆಕಳು ಬಾಯಿಟ್ಟರೆ ಪ್ರಾಣಕ್ಕೇ ಕುತ್ತು.

ಕಬ್ಬಿನ ಸೋಗೆ, ಬಾಳೆ ದಿಂಡು ಇವೆರಡೂ ಹೊಸಪೇಟೆ ಸುತ್ತ ಸುಲಭವಾಗಿ ಸಿಗುತ್ತವೆ. ಸೋಗೆಯಲ್ಲಿ ಆಕ್ಸಲೇಟ್ ಇರುವುದರಿಂದ ಅದನ್ನೇ ದಿನಗಟ್ಟಲೆ ತಿಂದ ಆಕಳ ಮೈಯಲ್ಲಿ ಸುಣ್ಣದ ಅಂಶ ಕಡಿಮೆಯಾಗುತ್ತದೆ. ಹಾಗಾಗಿ ಸೋಗೆಯ ಕಾಲದಲ್ಲಿ ಖನಿಜ ಮಿಶ್ರಣ ತಪ್ಪಿಸಬಾರದು. ಬಾಳೆ ದಿಂಡು ಹೆಚ್ಚುಪಾಲು ನೀರೇ. ಬೇಸಿಗೆಯಲ್ಲಿ ತಂಪಿಗೆ ನಾಲ್ಕು ತುಂಡು ಸರಿ, ಹೊಟ್ಟೆ ತುಂಬಿಸಲು ಅಲ್ಲ. ಜೋಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಪ್ರಾಣ ಉಳಿಸುವಂಥದ್ದು: ಮಳೆ ಕೈಕೊಟ್ಟು ಮೊಳಕಾಲುದ್ದಕ್ಕೆ ಮುರುಟಿ ನಿಂತ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಕೂಳೆಯಿಂದ ಒಡೆದ ಚಿಗುರಿನಲ್ಲಿ ಸೈನೈಡ್ ವಿಷ ಸೇರಿರುತ್ತದೆ. ಹಗ್ಗ ಬಿಚ್ಚಿಕೊಂಡ ಆಕಳು ಅಂಥ ಹೊಲಕ್ಕೆ ನುಗ್ಗಿದರೆ ಕೆಲವೇ ನಿಮಿಷಗಳಲ್ಲಿ ಬಿದ್ದುಬಿಡಬಹುದು. ಹೂ ಬಿಟ್ಟ ಮೇಲಿನ ಜೋಳಕ್ಕೆ ಈ ಭಯ ಹೆಚ್ಚಿಲ್ಲ.

ಕಾಲುವೆ ಸೀಮೆಯ ಮೇವು ಯಾವಾಗಲೂ ಸಿಗುತ್ತದೆ ಎಂಬ ನಂಬಿಕೆಗೂ ಮಿತಿ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ನದಿಗೆ ಹರಿಯುವುದನ್ನು ಇಡೀ ಸೀಮೆ ಉಸಿರು ಬಿಗಿಹಿಡಿದು ನೋಡಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸಲು ವಾರ ಹಿಡಿಯಿತು. ಜಲಾಶಯದ ಒಂದು ಗೇಟಿನ ಜೊತೆ ನೆಲ್ಲು, ನೆಲ್ಲಿನ ಜೊತೆ ಹುಲ್ಲಿನ ದರ ತಳುಕು ಹಾಕಿಕೊಂಡಿದೆ. ಸುಗ್ಗಿಯ ಹೊತ್ತಿಗೆ, ದರ ಇಳಿದಿರುವಾಗಲೇ ಕನಿಷ್ಠ ಆರು ತಿಂಗಳ ಸೊಪ್ಪೆ, ಹುಲ್ಲು ಬಣವೆಯಾಗಿ ನಿಂತಿರಬೇಕು. ಅದೂ ಹೆದ್ದಾರಿಯ ಮಗ್ಗುಲಲ್ಲಿ ಬೇಡ. ಅದಿರು ಲಾರಿ ಓಡಾಡುವ ದಾರಿ ಪಕ್ಕದ ಮೇವಿನ ಮೇಲೆ ಕೆಂಪು ದೂಳು ಕೂರುತ್ತದೆ. ರಸ್ತೆ ಬದಿಯ ಹುಲ್ಲು ಕೊಯ್ದು ತಂದು ಹಾಕುವುದನ್ನು ಬಿಡುವುದೇ ಒಳ್ಳೆಯದು. ದೂಳಿಗಿಂತ ದೊಡ್ಡ ಅಪಾಯ ಆ ಹುಲ್ಲಿನೊಳಗೆ ಅಡಗಿದ ಮೊಳೆ, ತಂತಿ ಚೂರು, ನಟ್ಟು. ಆಕಳು ಅಗಿಯದೆ ನುಂಗುತ್ತದೆ, ನುಂಗಿದ ಕಬ್ಬಿಣ ಹೊಟ್ಟೆಯ ಎರಡನೇ ಚೀಲದಲ್ಲಿ ಉಳಿದು ಗೋಡೆ ಚುಚ್ಚುತ್ತದೆ, ಅಲ್ಲಿಂದ ಹೃದಯ ದೂರವಿಲ್ಲ. ಮೇವು ಬಿಟ್ಟು, ಮೊಣಕೈ ಹೊರಗೆ ಚಾಚಿ ನಿಂತು, ಇಳಿಜಾರು ಇಳಿಯಲು ಹಿಂಜರಿಯುವ, ಎದೆಯ ಕೆಳಗೆ ನೀರು ತುಂಬಿದಂತೆ ಬಾವು ಬಂದ ಆಕಳನ್ನು ಕಂಡರೆ ಡಾಕ್ಟರಿಗೆ ಮೊದಲು ಈ ಅನುಮಾನವನ್ನೇ ಹೇಳಬೇಕು.

ಕೊಟ್ಟಿಗೆ ದೊಡ್ಡದಾಗಬೇಕಿಲ್ಲ. ಒಂದು ಆಕಳಿಗೆ 40 ಚದರಡಿ ನಿಲ್ಲುವ ಜಾಗ, ಕರುವಿಗೆ ಬೇರೆ ಮೂಲೆ, ಗಂಜಲ ಹರಿದುಹೋಗುವಷ್ಟು ಇಳುಕಲು, ಜಾರದ ನೆಲ. ಚಪ್ಪರದ ಉದ್ದ ಪೂರ್ವ–ಪಶ್ಚಿಮವಾಗಿದ್ದರೆ ನಡುಹಗಲ ಬಿಸಿಲು ಒಳಗೆ ಬೀಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬರೀ ತಗಡಿನ ಕೆಳಗೆ ಕಟ್ಟಿದ ಆಕಳು ನಾಲಿಗೆ ಹೊರಹಾಕಿ ತೇಕುತ್ತದೆ, ಮೇವು ಮುಟ್ಟುವುದಿಲ್ಲ. ತಗಡಿನ ಮೇಲೆ ತೆಂಗಿನ ಗರಿ ಇಲ್ಲವೆ ಸೊಪ್ಪೆಯ ಹೊದಿಕೆ, ಮೇಲ್ಮೈಗೆ ಸುಣ್ಣ, ಹೊರಗೊಂದು ಬೇವಿನ ನೆರಳು ಇದ್ದರೆ ಅರ್ಧ ಕಷ್ಟ ಕಳೆಯಿತು. ನೀರಂತೂ ಹಗಲು ರಾತ್ರಿ ಮುಂದೆಯೇ ಇರಬೇಕು. ಬೇಸಿಗೆಯಲ್ಲಿ ಹಾಲಿನ ಆಕಳು 60ರಿಂದ 80 ಲೀಟರ್ ಕುಡಿಯುತ್ತದೆ. ದಿನಕ್ಕೆರಡು ಸಲ ಬಕೆಟ್ ತೋರಿಸುವ ಮನೆಯಲ್ಲಿ ಹಾಲು ಇಳಿಯಲು ಬೇರೆ ಕಾರಣ ಹುಡುಕಬೇಕಿಲ್ಲ. ಹಂಪಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ, 40 ಅಡಿಗೂ ಉದ್ದದ ಕಲ್ಲಿನ ಬಾನಿ ಇಂದಿಗೂ ಇದೆ. ಪ್ರಾಣಿಗಳಿಗೆ ನೀರು ಕಣ್ಣೆದುರೇ ಇರಬೇಕೆಂದು ಈ ನೆಲದವರಿಗೆ ವಿಜಯನಗರದ ಕಾಲಕ್ಕೇ ಗೊತ್ತಿತ್ತು ಎನ್ನಿಸುತ್ತದೆ.

ರಾತ್ರಿಗೆ ಬಾಗಿಲು ಬೇಕು. ಹಂಪಿ, ಕಮಲಾಪುರ, ಸಂಡೂರಿನ ಗುಡ್ಡಗಳಲ್ಲಿ ಚಿರತೆ ಇದೆ. 1994ರಲ್ಲಿ ಆದ ದರೋಜಿ ಕರಡಿಧಾಮವೂ ಹತ್ತಿರವೇ. ದೊಡ್ಡ ಆಕಳಿಗಿಂತ ಹಟ್ಟಿಯ ಅಂಚಿನಲ್ಲಿ ಕಟ್ಟಿದ ಕರುವಿನ ಮೇಲೆ ಚಿರತೆಯ ಕಣ್ಣು. ಗುಡ್ಡದ ಬುಡದ ಹೊಲಮನೆಯವರು ಕರುವನ್ನು ಜಾಲರಿ ಬಾಗಿಲ ಒಳಗೇ ಮಲಗಿಸಬೇಕು.

ಯಾವ ಆಕಳು? ಐದು ಜನರ ಮನೆಗೆ ದಿನಕ್ಕೆ ಎರಡು ಲೀಟರ್ ಹಾಲಾದರೆ ಊಟ, ಚಹಾ, ಮೊಸರು ನಡೆಯುತ್ತದೆ. ಅಷ್ಟಕ್ಕೆ ಒಂದು ಒಳ್ಳೆಯ ಜವಾರಿ ಆಕಳೂ ಸಾಕು. ಬಿಸಿಲು ತಡೆಯುತ್ತದೆ, ಸೊಪ್ಪೆ ತಿಂದು ಬದುಕುತ್ತದೆ, ಡಾಕ್ಟರ್ ಖರ್ಚು ಕಡಿಮೆ. ಕರ್ನಾಟಕದ ಹೆಸರಾದ ಹಳ್ಳಿಕಾರ್, ಅಮೃತಮಹಲ್, ಖಿಲಾರಿ ತಳಿಗಳು ದುಡಿಮೆಗೆ ಹುಟ್ಟಿದವು. ಅವುಗಳಿಂದ ಹಾಲಿನ ಕೊಡ ನಿರೀಕ್ಷಿಸಬಾರದು. ಬೀದರ್ ಕಡೆಯ ದೇವಣಿ ಎರಡಕ್ಕೂ ಆಗುವ ತಳಿ, ಈ ಹವೆಗೆ ಒಗ್ಗುತ್ತದೆ. ಮಿಕ್ಕ ಹಾಲು ಡೇರಿಗೆ ಹಾಕಿ ನಾಲ್ಕು ಕಾಸು ಕಾಣಬೇಕು ಎನ್ನುವವರಿಗೆ ಜರ್ಸಿ ಮಿಶ್ರತಳಿ ಸರಿ ಎನ್ನುವುದು ಈ ಲೇಖನದ ಅಭಿಪ್ರಾಯ. ಮೈ ಸಣ್ಣದು, ಮೇವು ಕಡಿಮೆ, ಹಾಲಿನಲ್ಲಿ ಕೊಬ್ಬು ಹೆಚ್ಚು, ಎಚ್.ಎಫ್.ಗಿಂತ ಬಿಸಿಲು ತಾಳಿಕೆ ಜಾಸ್ತಿ. ಕಪ್ಪು–ಬಿಳಿ ಎಚ್.ಎಫ್. ಹದಿನೈದು ಲೀಟರ್ ಕೊಡಬಲ್ಲದು ನಿಜ. ಆದರೆ ವಿದೇಶಿ ರಕ್ತ ಹೆಚ್ಚಾದಷ್ಟೂ ಫ್ಯಾನು, ತಣ್ಣೀರು, ಔಷಧಿ ಎಲ್ಲವೂ ಹೆಚ್ಚಬೇಕು. ಮನೆಗೊಂದೇ ಆಕಳು ಎಂದಾಗ ಗರಿಷ್ಠ ಹಾಲಿಗಿಂತ ತಪ್ಪದೆ ಗಬ್ಬ ನಿಲ್ಲುವ, ಹೆಂಗಸರು ಮಕ್ಕಳು ಹತ್ತಿರ ಹೋಗಬಹುದಾದ ಸಾಧು ಸ್ವಭಾವವೇ ದೊಡ್ಡ ಗುಣ.

ಹಾಲು ಹಾಕುವ ಆಲೋಚನೆ ಇದ್ದರೆ ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯನ್ನು ಮೊದಲೇ ಕಂಡು ಮಾತಾಡಬೇಕು. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ನಾಲ್ಕೂ ಜಿಲ್ಲೆಗಳಿಗೆ ಬಳ್ಳಾರಿಯ ರಾಬಕೊವಿ ಹಾಲು ಒಕ್ಕೂಟವೇ ಇದೆ. ಆಕಳ ಹಾಲಿಗೆ ಶೇ 3.5 ಕೊಬ್ಬು, ಶೇ 8.5 ಕೊಬ್ಬೇತರ ಘನಾಂಶ ಎಂಬ ಅಳತೆಯ ಸುತ್ತ ದರ ತಿರುಗುತ್ತದೆ. ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸಂಘಕ್ಕೆ ಹಾಕಿದ ಹಾಲಿಗೇ ಹೊರತು ಚಹಾದಂಗಡಿಗೆ ಕೊಟ್ಟ ಹಾಲಿಗೆ ಇಲ್ಲ.

ಇನ್ನು ಕೊಳ್ಳುವುದು. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿ ಕುದುರಿಸುವ ವ್ಯಾಪಾರ ಎತ್ತಿಗೆ ನಡೆದೀತು. ಹಾಲಿನ ಆಕಳನ್ನು ಮಾರುವವನ ಮನೆಯ ಕೊಟ್ಟಿಗೆಯಲ್ಲಿಯೇ ನೋಡುವುದು ಕ್ಷೇಮ. ಏನು ತಿನ್ನುತ್ತಿತ್ತು, ಎಂಥ ಜಾಗದಲ್ಲಿ ಮಲಗುತ್ತಿತ್ತು, ಮಗ್ಗುಲ ಆಕಳುಗಳು ಹೇಗಿವೆ ಎಲ್ಲ ಕಣ್ಣಿಗೆ ಬೀಳುತ್ತದೆ. "ಎಲ್ಡು ಹೊತ್ತು ಕರ್ದು ನೋಡಾಣ ಅಣ್ಣಾ, ಆಮ್ಯಾಲೆ ರೊಕ್ಕದ ಮಾತು" ಎಂದು ನಯವಾಗಿ ಹೇಳಿ ಕೂತುಬಿಡಬೇಕು. ಹಾಗೆ ಕೂರಲು ಕಾರಣವಿದೆ. ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿದು ದೊಡ್ಡದಾಗಿ ಕಾಣುತ್ತದೆ, ಒಂದೇ ಹೊತ್ತಿಗೆ ಒಂದೂವರೆ ಹೊತ್ತಿನ ಹಾಲು ಬೀಳುತ್ತದೆ. ಮೊದಲ ದಿನ ಸಂಜೆ ಕಣ್ಣೆದುರೇ ಪೂರ್ತಿ ಬರಿದು ಮಾಡಿಸಿ, ಮರುದಿನ ಬೆಳಗ್ಗೆ ಮತ್ತು ಸಂಜೆ ಅಳೆದ ಹಾಲೇ ನಿಜವಾದ ಲೆಕ್ಕ. ಲೀಟರಿಗಿಷ್ಟು ಎಂದು ಆಕಳ ದರ ಕಟ್ಟುವುದು ವಾಡಿಕೆಯಾದ್ದರಿಂದ ಎರಡು ಲೀಟರ್ ಹೆಚ್ಚು ತೋರಿಸಿದರೆ ಕೊಳ್ಳುವವನ ಜೇಬಿಗೆ ಸಾವಿರಗಟ್ಟಲೆ ಪೆಟ್ಟು. ಕರೆಯುವ ಮುಂಚೆ ಆಕಳಿಗೆ ಸೂಜಿ ಚುಚ್ಚಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಹಾಲಿಗಾಗಿ ಆಕ್ಸಿಟೋಸಿನ್ ಚುಚ್ಚುವುದು ಕಾನೂನಿನ ಪ್ರಕಾರ ತಪ್ಪು, ಚುಚ್ಚಿಸಿಕೊಂಡು ರೂಢಿಯಾದ ಆಕಳು ಹೊಸ ಮನೆಯಲ್ಲಿ ಹಾಲನ್ನೇ ಇಳಿಬಿಡುವುದಿಲ್ಲ.

ಕರೆಯುವವರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಬೇಕಾದದ್ದು ನಾಲ್ಕು ಮೊಲೆ. ಪ್ರತಿ ಮೊಲೆಯ ಮೊದಲ ಎರಡು ಎಳೆ ಹಾಲನ್ನು ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಹಿಂಡಿಸಿದರೆ ಗರಣೆ, ನೀರಿನಂಥ ಹಾಲು, ರಕ್ತದ ಎಳೆ ಇದ್ದರೆ ಕೂಡಲೇ ಗೊತ್ತಾಗುತ್ತದೆ. ಕರೆದಾದ ಮೇಲೆ ಕೆಚ್ಚಲು ಖಾಲಿ ಚೀಲದ ಹಾಗೆ ಸುಕ್ಕುಗಟ್ಟಿ ಜೋತುಬೀಳಬೇಕು; ಆಗಲೂ ಗಟ್ಟಿ ಗಂಟು ಕೈಗೆ ಸಿಕ್ಕರೆ ಹಳೆಯ ಕೆಚ್ಚಲು ಬಾವಿನ ಗುರುತು. ಒಂದು ಮೊಲೆ ಬತ್ತಿದ ಆಕಳೂ ಮನೆಗೆ ಹಾಲು ಕೊಡಬಲ್ಲದು, ಆದರೆ ದರದಲ್ಲಿ ಅದು ಕಾಣಬೇಕು. ವಯಸ್ಸಿಗೆ ಬಾಯಿ ತೆರೆದು ನೋಡಿದರಾಯಿತು: ಎರಡು ಹಲ್ಲಿಗೆ ಎರಡು–ಎರಡೂವರೆ ವರ್ಷ, ನಾಲ್ಕು ಹಲ್ಲಿಗೆ ಮೂರರ ಆಸುಪಾಸು, ಬಾಯಿಗೂಡಿದ್ದಕ್ಕೆ ನಾಲ್ಕೂವರೆ–ಐದು. ಎರಡನೇ ಅಥವಾ ಮೂರನೇ ಸೂಲಿನದು, ಈದು ತಿಂಗಳೊಪ್ಪತ್ತಾದದ್ದು, ಪಕ್ಕದಲ್ಲಿ ತನ್ನದೇ ಕರು ಇರುವುದು ಹೊಸಬರಿಗೆ ಎಲ್ಲಕ್ಕಿಂತ ಹೊಂದುತ್ತದೆ. ಚೊಚ್ಚಲು ಆಕಳು ಒದೆಯುತ್ತದೆ, ಕರೆಯುವವರೂ ಹೊಸಬರಾದರೆ ಇಬ್ಬರಿಗೂ ಕಷ್ಟ. "ಮೂರು ತಿಂಗಳ ಗಬ್ಬ" ಎಂಬ ಮಾತನ್ನು ಡಾಕ್ಟರ್ ಕೈಹಾಕಿ ನೋಡಿ ಹೇಳಿದರೆ ಮಾತ್ರ ನಂಬಬೇಕು. ಸುಳಿ ನೋಡುವ ಹಿರಿಯರಿಗೆ ಗೌರವ ಕೊಟ್ಟೇ ಒಂದು ಮಾತು: ಸುಳಿ ನೋಡಲು ಹಿಡಿದ ಹೊತ್ತಿಗಿಂತ ಹೆಚ್ಚು ಹೊತ್ತು ಕೆಚ್ಚಲು, ಗೊರಸು, ನಡಿಗೆ ನೋಡಬೇಕು.

ಕಿವಿಯಲ್ಲಿ ಹಳದಿ ಬಿಲ್ಲೆ ಇದೆಯೇ ಎಂಬುದನ್ನು ಮರೆಯಬಾರದು. ಅದರ ಮೇಲಿನ 12 ಅಂಕಿ ಆಕಳ ಗುರುತು; ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲ ಅದರ ಮೇಲೆಯೇ ದಾಖಲಾಗುತ್ತದೆ. ಸಂಖ್ಯೆ ಹೇಳಿದರೆ ಪಶು ಆಸ್ಪತ್ರೆಯಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಯಾವಾಗ ಆಗಿದೆ ಎಂದು ನೋಡಬಹುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆ ಆರು ತಿಂಗಳಿಗೊಮ್ಮೆ ಪುಕ್ಕಟೆ. ಕೊಳ್ಳುವ ಮುಂಚೆ ಕಂದು ರೋಗದ, ಅಂದರೆ ಬ್ರುಸೆಲ್ಲಾದ ರಕ್ತಪರೀಕ್ಷೆ ಮಾಡಿಸುವವರು ಬಹಳ ಕಡಿಮೆ. ಮಾಡಿಸಲೇಬೇಕು. ಇದು ಆಕಳ ಗಬ್ಬ ಕೆಡಿಸುತ್ತದೆ, ಹಸಿ ಹಾಲಿನಿಂದ, ಈಯುವಾಗಿನ ಮಾಸಿನಿಂದ ಮನುಷ್ಯರಿಗೂ ಹತ್ತುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಪರೀಕ್ಷೆಯ ಖರ್ಚನ್ನು ಆಕಳ ದರದ ಜೊತೆಗಿಟ್ಟು ನೋಡಿದರೆ ಅದು ಖರ್ಚೇ ಅಲ್ಲ. ಯಾವ ಮನೆಯಿಂದ ಬಂದ ಆಕಳಾದರೂ ಹಾಲು ಉಕ್ಕಿಸಿ ಕಾಯಿಸಿಯೇ ಕುಡಿಯಬೇಕು.

ಸಾಗಿಸುವಾಗ ಜೊತೆಗೆ ಮಾರಾಟದ ಚೀಟಿ, ಪಶುವೈದ್ಯರ ಆರೋಗ್ಯ ಪತ್ರ ಇರಲಿ; 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಕಾಗದವಿಲ್ಲದ ಆಕಳು ದಾರಿಯಲ್ಲಿ ತಕರಾರಿಗೆ ಸಿಗುತ್ತದೆ. ಎಷ್ಟು ದೂರಕ್ಕೆ ಯಾವ ಕಾಗದ ಎಂಬುದನ್ನು ಹೊರಡುವ ಮುಂಚೆ ಪಶು ಆಸ್ಪತ್ರೆಯಲ್ಲೇ ಕೇಳಿಕೊಳ್ಳಬೇಕು. ಹಾಲು ಕರೆದು, ನೀರು ಕುಡಿಸಿ, ಹೊತ್ತು ಮುಳುಗಿದ ಮೇಲೋ ನಸುಕಿನಲ್ಲೋ ಹತ್ತಿಸುವುದು. ಪಿಕಪ್ಪಿನ ತಗಡಿನ ಮೇಲೆ ಉಸುಕು ಇಲ್ಲವೆ ಹುಲ್ಲು ಹರವಿದರೆ ಕಾಲು ಜಾರುವುದಿಲ್ಲ. ಇಳಿಸುವಾಗಲೂ ಆಕಳು ಕಾಲು ಮುರಿದುಕೊಳ್ಳಬಹುದು. ಗಾಡಿಯನ್ನು ದಿಬ್ಬಕ್ಕೋ ಕಟ್ಟೆಗೋ ಹಿಂದಕ್ಕೆ ಹಚ್ಚಿ ಆಕಳು ತಾನೇ ನಡೆದು ಇಳಿಯುವಂತೆ ಮಾಡಬೇಕು. ತುಂಬು ಗಬ್ಬದ್ದನ್ನು ದೂರ ಸಾಗಿಸಬಾರದು.

ಮಾರಿದ ಮನೆಯಿಂದ ಆಕಳ ಜೊತೆಗೆ ತರಬೇಕಾದ ವಸ್ತುಗಳಿವೆ: ಹಳೆಯ ಹಗ್ಗ, ಅದೇ ಹಿಂಡಿಯ ಒಂದು ಚೀಲ, ಅದೇ ಮೇವಿನ ನಾಲ್ಕಾರು ಹೊರೆ. ಅದಕ್ಕಿಂತ ಮುಖ್ಯ, ಕರೆಯುತ್ತಿದ್ದ ಅಕ್ಕನನ್ನೋ ಅಜ್ಜಿಯನ್ನೋ ಕೇಳಿ ತಿಳಿದ ನಾಲ್ಕು ಸಂಗತಿ. ಏನೆಂದು ಕರೆದರೆ ತಿರುಗಿ ನೋಡುತ್ತದೆ, ಯಾವ ಮಗ್ಗುಲಲ್ಲಿ ಕೂತು ಕರೆಯುತ್ತಿದ್ದರು, ಕರು ಬಿಟ್ಟ ಮೇಲೆ ಹಾಲು ಇಳಿಬಿಡುತ್ತದೋ ಹಿಂಡಿ ಇಟ್ಟರೆ ಸಾಕೋ, ಬೆದೆಗೆ ಬಂದಾಗ ಕೂಗುತ್ತದೋ ಮೌನವಾಗಿರುತ್ತದೋ. ಗಂಡಸರು ದರ ಮಾತಾಡುತ್ತಾ ಅಂಗಳದಲ್ಲಿ ಕೂತಿರುವಾಗ ಈ ಮಾತುಕತೆ ಹಿತ್ತಲಲ್ಲಿ ಹೆಂಗಸರ ನಡುವೆ ಆಗಬೇಕು. ಮನೆಯಲ್ಲಿ ಕರೆಯುವವರು ಯಾರೋ ಅವರೇ ಆಕಳು ನೋಡಲು ಹೋಗಬೇಕು.

ಮನೆಗೆ ಬಂದ ದಿನ ಕಾಲಿಗೆ ನೀರು, ಹಣೆಗೆ ಅರಿಶಿನ ಕುಂಕುಮ, ಆರತಿ. ಇಷ್ಟಾದ ಮೇಲೆ ನೆರೆಯ ಮನೆಗಳಿಂದ ಅನ್ನ, ಹೋಳಿಗೆ, ಬೆಲ್ಲ, ಅಕ್ಕಿ ಬರುತ್ತದೆ. ಪ್ರೀತಿಯಿಂದ ಬಂದದ್ದು, ಆದರೆ ಬುಟ್ಟಿಗಟ್ಟಲೆ ಅನ್ನ ತಿಂದ ಆಕಳ ಹೊಟ್ಟೆಯಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲ ಏರುತ್ತದೆ. ಮೆಲುಕು ನಿಲ್ಲುತ್ತದೆ, ಭೇದಿ, ನಡುಕ, ಕೊನೆಗೆ ಏಳಲಾರದ ಸ್ಥಿತಿ. ದೀಪಾವಳಿಯ ಗೋಪೂಜೆಯ ಮರುದಿನ ಪಶು ಆಸ್ಪತ್ರೆಗೆ ಬರುವ ಕರೆಗಳಲ್ಲಿ ಇದೂ ಇರುತ್ತದೆ. ಒಂದು ತುತ್ತು ಬಾಯಿಗೆ ಮುಟ್ಟಿಸಿ, ಮಿಕ್ಕದ್ದನ್ನು ಮಕ್ಕಳಿಗೆ ಕೊಡುವುದು ಒಳ್ಳೆಯದು.

ಆಕಳು ಮೇವನ್ನು ಜೀರ್ಣಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕೈಯಿಂದ. ಹೊಸ ಮೇವಿಗೆ ಅವು ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಮೊದಲ ಮೂರು ದಿನ ಹಳೆಯ ಮೇವು, ಆಮೇಲೆ ಕಾಲುಭಾಗ ಹೊಸತು, ಆಮೇಲೆ ಅರ್ಧ, ಹೀಗೆ ಬದಲಾಯಿಸಬೇಕು. ಮೊದಲ ವಾರ ಹಾಲು ಇಳಿಯುವುದು ಸಹಜ. ದಾರಿಯ ಆಯಾಸ, ಹೊಸ ಜಾಗ, ಹೊಸ ಕೈ. ಗಾಬರಿಯಿಂದ ಹಿಂಡಿ ಹೆಚ್ಚಿಸಿದರೆ ಹೊಟ್ಟೆ ಕೆಡುತ್ತದೆ. ಅದೇ ಹೊತ್ತಿಗೆ, ಅದೇ ಒಬ್ಬರು, ಗದ್ದಲವಿಲ್ಲದೆ ಕರೆಯುತ್ತಾ ಹೋದರೆ ಎರಡು ವಾರದೊಳಗೆ ಬಹುಪಾಲು ಹಾಲು ಮರಳುತ್ತದೆ. ಕೈ, ಕೆಚ್ಚಲು ತೊಳೆದು ಒರೆಸುವುದು, ಕೊನೆಯ ಎಳೆಯವರೆಗೂ ಕರೆಯುವುದು, ಕರೆದಾದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಮುಂದೆ ಮೇವು ಹಾಕಿ ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳುವುದು ಮೊದಲ ದಿನದಿಂದಲೇ ರೂಢಿಯಾಗಬೇಕು. ಮೊಲೆಯ ತುದಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ತೆರೆದ ಮೊಲೆ ಸಗಣಿಗೆ ತಾಗಿದರೆ ಕೆಚ್ಚಲು ಬಾವು.

ಮೂರರಿಂದ ನಾಲ್ಕು ವಾರ ಹೊಸ ಆಕಳು ಬೇರೆ ದನಗಳ ಜೊತೆ ಸೇರಬಾರದು. ಮನೆಯಲ್ಲಿ ಬೇರೆ ದನ ಇಲ್ಲವಲ್ಲ ಎಂದು ಈ ನಿಯಮ ಬಿಡುವವರು ಮರೆಯುವುದು ನೆರೆಯವರ ದನಗಳನ್ನು, ಕೆರೆಯಂಗಳದ ಹಿಂಡನ್ನು. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ಜಿಲ್ಲೆಗಳನ್ನು ಆವರಿಸಿದಾಗ ಸಂತೆ, ಜಾತ್ರೆಗಳಲ್ಲಿ ದನ ಸೇರುವುದನ್ನೇ ತಡೆಯಬೇಕಾಯಿತು. ಆ ರೋಗ ಸೊಳ್ಳೆ, ನೊಣ, ಉಣ್ಣೆಯ ಮೂಲಕ ಹರಡುತ್ತದೆ, ಮೈಮೇಲೆ ಗಂಟು ಕಾಣುವ ಮುಂಚೆಯೇ ಆಕಳ ಒಳಗಿರಬಹುದು. ಆದ್ದರಿಂದ ಈ ವಾರಗಳಲ್ಲಿ ಬೆಳಗಿನ ಜ್ವರ ಅಳೆಯುವುದು, ಬಾಲದ ಬುಡ, ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಹುಡುಕುವುದು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ತಪ್ಪಬಾರದು. ಮಿಶ್ರತಳಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರ ಬಹಳ ಕೆಟ್ಟದ್ದು: 104 ಡಿಗ್ರಿ ಮೀರಿದ ಜ್ವರ, ಭುಜದ ಮುಂದೆ ಗಡ್ಡೆ, ಬಿಳಿಚಿದ ಕಣ್ಣು ಕಂಡರೆ ನಾಳೆಗೆ ಬಿಡಬಾರದು. ಜಂತುಹುಳದ ಔಷಧಿ ಕೊಡುವ ಮುಂಚೆ ಸಗಣಿ ಪರೀಕ್ಷೆ ಮಾಡಿಸಿ, ಗಬ್ಬದ ಸಂಗತಿ ಹೇಳಿಯೇ ಕೇಳಬೇಕು. ಕೆಲವು ಔಷಧಿ ಗಬ್ಬಕ್ಕೆ ಆಗಿಬರುವುದಿಲ್ಲ. ಯಾವುದೇ ಆಂಟಿಬಯಾಟಿಕ್ ಕೊಟ್ಟರೂ ಹಾಲು ಎಷ್ಟು ದಿನ ಬಳಸಬಾರದು ಎಂಬುದನ್ನು ಡಾಕ್ಟರಿಂದ ಕೇಳಿ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯ ಪದ್ಧತಿ. ಮನೆಬಾಗಿಲಿಗೆ ಬರುವ ಪಶು ಆಂಬುಲೆನ್ಸಿಗೆ 1962ಕ್ಕೆ ಫೋನ್ ಮಾಡಬೇಕು.

ಮೊದಲ ವಾರವೇ ಆಗಬೇಕಾದ ಕಾಗದದ ಕೆಲಸ ಎರಡು. ಕಿವಿಬಿಲ್ಲೆಯ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿಸುವುದು, ವಿಮೆ ಮಾಡಿಸುವುದು. ಆಕಳು ಸತ್ತಾಗ ಬಿಲ್ಲೆ ಇಲ್ಲದಿದ್ದರೆ, ಪಶುವೈದ್ಯರ ಮರಣೋತ್ತರ ವರದಿ ಇಲ್ಲದಿದ್ದರೆ ವಿಮೆಯ ಹಣ ಬರುವುದಿಲ್ಲ. ಬಿಲ್ಲೆ ಕಳಚಿ ಬಿದ್ದ ದಿನವೇ ತಿಳಿಸಿ ಹೊಸದು ಹಾಕಿಸಬೇಕು. ಕೊಟ್ಟಿಗೆ ಕಟ್ಟಲು ಸರ್ಕಾರದ ನೆರವು ಈಗ ಯಾವ ಯೋಜನೆಯಡಿ ಇದೆ ಎಂಬುದನ್ನು ಗ್ರಾಮ ಪಂಚಾಯ್ತಿಯಲ್ಲಿ ಕೇಳಿಕೊಳ್ಳುವುದು ಲಾಭವೇ.

ಆಮೇಲೆ ಬೇಕಾದದ್ದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್. ಈದ ಎರಡು ಮೂರು ತಿಂಗಳಿಗೆ ಆಕಳು ಮತ್ತೆ ಗಬ್ಬ ನಿಲ್ಲಬೇಕು. ಬೆದೆ ಸುಮಾರು 21 ದಿನಕ್ಕೊಮ್ಮೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಬೇಕು. ಎರಡು ಬೆದೆ ತಪ್ಪಿದರೆ ಒಂದೂವರೆ ತಿಂಗಳ ಮೇವು ದಂಡ. ಹಾಕಿಸಿದ ದಿನದ ಮೇಲೆ ಗುರುತು ಹಾಕಿ, ಎರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆ, ಏಳು ತಿಂಗಳು ತುಂಬುತ್ತಿದ್ದಂತೆ ಹಾಲು ಬತ್ತಿಸುವುದು. ಸುಮಾರು 280 ದಿನಕ್ಕೆ ಈಯುತ್ತದೆ. ಈದ ಮೊದಲ ಮೂರು ದಿನ ಕಣ್ಣಿಟ್ಟಿರಬೇಕು: ಕಿವಿ ತಣ್ಣಗಾಗಿ, ಕುತ್ತಿಗೆ ಮಗ್ಗುಲಿಗೆ ತಿರುಗಿಸಿ ಏಳದೆ ಮಲಗಿದರೆ ಅದು ಹಾಲು ಜ್ವರ, ಡಾಕ್ಟರ್ ರಕ್ತನಾಳಕ್ಕೆ ಸುಣ್ಣದ ಬಾಟಲಿ ಏರಿಸಿದರೆ ಬಹಳ ಸಲ ಎದ್ದು ನಿಲ್ಲುತ್ತದೆ. ಮಾಸು ಹನ್ನೆರಡು ಗಂಟೆಯೊಳಗೆ ಬೀಳದಿದ್ದರೆ ಕೈಹಾಕಿ ಎಳೆಯದೆ ಕರೆ ಕಳಿಸಬೇಕು. ಕರುವಿಗೆ ಅದರ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣದ ಹಾಲು ಮೊದಲ ದಿನವೇ, ಅದರಲ್ಲೂ ಮೊದಲ ಒಂದೆರಡು ಗಂಟೆಯಲ್ಲೇ ಒಂದು ಪಾಲು ಹೊಟ್ಟೆಗೆ ಹೋಗಬೇಕು. ಮನೆಯವರ ಗಿಣ್ಣ ಆಮೇಲೆ. ಹೆಣ್ಣುಗರುವಾದರೆ ನಾಲ್ಕರಿಂದ ಎಂಟು ತಿಂಗಳ ನಡುವೆ ಕಂದು ರೋಗದ ಲಸಿಕೆ ಒಂದೇ ಸಲ.

ಹಾಲು ಬತ್ತಿಸಿದ ಮೇಲೆ ಈಯುವವರೆಗಿನ ಸುಮಾರು ಎರಡು ತಿಂಗಳು ಮನೆಗೆ ಹಾಲು ಇರುವುದಿಲ್ಲ. ನೆರೆಯಲ್ಲಿ ಇನ್ನೊಂದು ಆಕಳಿರುವ ಮನೆಯವರ ಜೊತೆ ಮೊದಲೇ ಮಾತಾಡಿ, ಒಂದು ಮನೆಯ ಆಕಳು ಬತ್ತಿದಾಗ ಇನ್ನೊಂದು ಕರೆಯುವಂತೆ ಸೂಜಿಯ ತಿಂಗಳು ಹೊಂದಿಸಿಕೊಂಡರೆ ಎರಡೂ ಮನೆಗೆ ವರ್ಷವಿಡೀ ಚಹಾಕ್ಕೆ ಹಾಲು ಸಿಗುತ್ತದೆ. ಆದಷ್ಟು ಮಟ್ಟಿಗೆ ಈಯುವ ತಿಂಗಳು ಅಕ್ಟೋಬರ್–ನವೆಂಬರ್ ಆಸುಪಾಸು ಬರುವಂತೆ, ಅಂದರೆ ಸೂಜಿ ಜನವರಿ–ಫೆಬ್ರವರಿಯಲ್ಲಿ ಬೀಳುವಂತೆ ನೋಡಿಕೊಳ್ಳುವುದು ಈ ಸೀಮೆಗೆ ಅನುಕೂಲ. ಹಾಲು ಏರುವ ದಿನಗಳಲ್ಲಿ ಹವೆ ತಂಪಾಗಿರುತ್ತದೆ, ಮುಂಗಾರಿನ ಮೆಕ್ಕೆಜೋಳದ ಸೊಪ್ಪೆ ಆಗಷ್ಟೇ ಹೊಲದಿಂದ ಬಣವೆಗೆ ಬಂದಿರುತ್ತದೆ.